ಸುಳ್ಳಿಗೆ ಇಂಕು ಹಾಕಬೇಡಿ, ಕನ್ನಡಿಗರೇ!



ಬಸ್ತಿಹಳ್ಳಿಯಲ್ಲಿ ಸಣ್ಣ ಪ್ರೆಸ್ಸು ಇಟ್ಟುಕೊಂಡವನು ನಾನು. ಓದಿದ್ದು ಪಿಯುಸಿ, ಮಿಕ್ಕಿದ್ದನ್ನು ಪ್ರೂಫು ತಿದ್ದುತ್ತಾ ಕಲಿತೆ. ಮದುವೆ ಕಾರ್ಡು, ಬಿಲ್ ಬುಕ್ಕು, ಚಳವಳಿಯ ಕರಪತ್ರ ಎಲ್ಲಕ್ಕೂ ಒಂದೇ ಮೆಷಿನ್ನು. ಇವತ್ತು ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

2023ರ ಬರಗಾಲ. ಕಾವೇರಿಗಾಗಿ ಸೆಪ್ಟೆಂಬರ್ 29ರಂದು ಕರ್ನಾಟಕ ಬಂದ್. ಆ ದಿನಗಳಲ್ಲಿ ಹುಡುಗರು ಒಂದು ಕರಪತ್ರ ತಂದರು. ಮೇಕೆದಾಟು ಕಟ್ಟಿದರೆ ಬೇಲೂರು-ಹಳೇಬೀಡಿನ ಕೆರೆಗಳೆಲ್ಲ ತುಂಬುತ್ತವೆ ಎಂದಿತ್ತು. ಕಾಗುಣಿತ ತಿದ್ದಿದೆ, ಸಾವಿರ ಪ್ರತಿ ಹೊಡೆದುಕೊಟ್ಟೆ. ಸಂಜೆ ಟೀ ಅಂಗಡಿಯಲ್ಲಿ ವಯಸ್ಸಾದ ರೈತರೊಬ್ಬರು ಅದನ್ನು ನನ್ನ ಮುಂದೆ ಹಿಡಿದು, "ಏನಪ್ಪಾ, ನೀರು ಇಳಿಜಾರು ಬಿಟ್ಟು ಏರು ಹತ್ತುತ್ತಾ?" ಎಂದರು. ನನ್ನ ನಾಲಿಗೆ ಒಣಗಿತು.

ನಿಜ ತಾನೇ! ನಮ್ಮ ಯಗಚಿ ಹೇಮಾವತಿಗೆ, ಹೇಮಾವತಿ ಕಾವೇರಿಗೆ. ಮೇಕೆದಾಟು ಇರುವುದು ಅದಕ್ಕೂ ಎಷ್ಟೋ ಕೆಳಗೆ, ಕನಕಪುರದ ಕಡೆ. ಹಳೇಬೀಡಿನ ಕೆರೆಗೆ ನೀರು ಬೇಕೆಂದರೆ ಯಗಚಿಯ ರಣಘಟ್ಟ ಯೋಜನೆಯ ಲೆಕ್ಕ ಕೇಳಬೇಕು. ನಾನು ಹೊಡೆದ ಕರಪತ್ರ ಆ ಪ್ರಶ್ನೆಯನ್ನೇ ಮರೆಸಿತ್ತು!

ಹಾಗಂತ ಸುಳ್ಳು ನಮ್ಮಲ್ಲಿ ಮಾತ್ರ ಇದೆಯೇ? ಗಡಿಯಾಚೆ ನೋಡಿ. ಮೇಕೆದಾಟು ಬಂದರೆ ತಂಜಾವೂರು ಮರುಭೂಮಿಯಾಗುತ್ತದೆಂದು ತಮಿಳುನಾಡಿನಲ್ಲಿ ಗುಲ್ಲು. ಆದರೆ 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಸಾಧಾರಣ ಮಳೆಯ ವರ್ಷಕ್ಕೆ ನಿಗದಿ ಮಾಡಿದ 177.25 ಟಿಎಂಸಿಯನ್ನು ಅಳೆಯುವುದು ಬಿಳಿಗುಂಡ್ಲುವಿನಲ್ಲಿ. ಆ ಜಾಗ ಮೇಕೆದಾಟುವಿನಿಂದ ಕೆಳಗಿದೆ. ಅಣೆಕಟ್ಟು ಬಂದರೂ ಅಷ್ಟು ನೀರು ಅಲ್ಲಿ ಹರಿಯಲೇಬೇಕು. ಮಹಾರಾಷ್ಟ್ರದ್ದು ಇನ್ನೊಂದು ರಾಗ. 2019ರಲ್ಲಿ ಸಾಂಗ್ಲಿ, ಕೊಲ್ಹಾಪುರ ಮುಳುಗಿದ್ದಕ್ಕೆ ಆಲಮಟ್ಟಿಯೇ ಕಾರಣವೆಂದು ಕೂಗಿದರು. ಅಲ್ಲಿನ ಸರ್ಕಾರವೇ ನೇಮಿಸಿದ ವಡ್ನೆರೆ ಸಮಿತಿ ಆಲಮಟ್ಟಿ ಕಾರಣವಲ್ಲ ಎಂದಿತು!

ಇಂಥ ದಾಖಲೆಗಳೇ ನಮ್ಮ ಆಯುಧ. ಇವನ್ನು ಬಿಟ್ಟು ನಾವೂ ಸುಳ್ಳು ಹಿಡಿದರೆ, ಎದುರಾಳಿ ನಮ್ಮ ಒಂದು ಸುಳ್ಳನ್ನು ಎತ್ತಿ ತೋರಿಸಿ ಹತ್ತು ಸತ್ಯಗಳನ್ನು ಕಸದಬುಟ್ಟಿಗೆ ಹಾಕುತ್ತಾನೆ. ಮೇಕೆದಾಟುವಿನಲ್ಲಿ 67.16 ಟಿಎಂಸಿ ಸಂಗ್ರಹ, ಬೆಂಗಳೂರಿಗೆ ಕುಡಿಯಲು 4.75 ಟಿಎಂಸಿ, 400 ಮೆಗಾವ್ಯಾಟ್ ವಿದ್ಯುತ್ ಎನ್ನುತ್ತದೆ ಯೋಜನೆ. ಸುಮಾರು 5 ಸಾವಿರ ಹೆಕ್ಟೇರ್ ಮುಳುಗುತ್ತದೆ, ಬಹುಪಾಲು ಕಾಡು ಎಂಬುದೂ ಅದರಲ್ಲೇ ಇದೆ. ಎರಡನ್ನೂ ಹೇಳಿಯೇ ವಾದ ಗೆಲ್ಲೋಣ.

2016ರ ಸೆಪ್ಟೆಂಬರ್ ಮರೆತಿರಾ? ಬೆಂಗಳೂರಿನಲ್ಲಿ ತಮಿಳು ಹುಡುಗನಿಗೆ ಹೊಡೆದ ವಿಡಿಯೋ ಅತ್ತ, ರಾಮೇಶ್ವರದಲ್ಲಿ ಕನ್ನಡಿಗ ಡ್ರೈವರನಿಗೆ ಹೊಡೆದ ವಿಡಿಯೋ ಇತ್ತ ಹರಿದಾಡಿದವು. ಹೊಡೆದದ್ದು ನಿಜ. ಆದರೆ ನಾಲ್ಕು ಪುಂಡರ ಕೆಲಸವನ್ನು ಇಡೀ ನಾಡಿನ ಕೆಲಸವೆಂದು ಹಂಚಿದ್ದು ಸುಳ್ಳು. 12ರಂದು ಬೆಂಗಳೂರಿನಲ್ಲಿ ಬಸ್ಸುಗಳು ಸಾಲಾಗಿ ಉರಿದವು, ಗೋಲಿಬಾರಿನಲ್ಲಿ ಯುವಕನೊಬ್ಬನ ಪ್ರಾಣ ಹೋಯಿತು. ಅದರಿಂದ ಕಾವೇರಿಯಲ್ಲಿ ನಮಗೆ ಒಂದು ತೊಟ್ಟಾದರೂ ಹೆಚ್ಚು ಸಿಕ್ಕಿತೇ?

ನನ್ನ ಪ್ರೆಸ್ಸಿನಲ್ಲಿ ಈಗೊಂದು ಕಟ್ಟಳೆ ಇದೆ. ನೀರಿನ ಕರಪತ್ರ ತಂದವರು ಅಂಕಿ-ಅಂಶ ಎಲ್ಲಿಯದೆಂದು ತೋರಿಸಬೇಕು. ಇಲ್ಲದಿದ್ದರೆ ದುಪ್ಪಟ್ಟು ದುಡ್ಡು ಕೊಟ್ಟರೂ ಮೆಷಿನ್ನು ತಿರುಗದು. ಕೆಲವರು ಕೋಪಿಸಿಕೊಂಡು ಅರಸೀಕೆರೆಗೆ ಹೋದರು. ಹೋಗಲಿ! ನಿಮ್ಮ ಕೈಯಲ್ಲೂ ಈಗ ಮೊಬೈಲೆಂಬ ಪ್ರೆಸ್ಸು ಇದೆ. ಮುಂದಕ್ಕೆ ಕಳಿಸುವ ಮುನ್ನ ಆ ರೈತರ ಮಾತು ನೆನೆಯಿರಿ: ನೀರು ಏರು ಹತ್ತುತ್ತಾ?

ನಮ್ಮ ಹಕ್ಕು ಗಟ್ಟಿಯಾಗಿದೆ. ಅದಕ್ಕೆ ಸುಳ್ಳಿನ ಊರುಗೋಲು ಬೇಡ. ಸಿರಿಗನ್ನಡಂ ಗೆಲ್ಗೆ!