ದುಡಿಮೆಯೇ ಊರಿಗೆ ಬರಲಿ

ಹೊಟ್ಟೆಪಾಡಿಗಾಗಿ ಮನುಷ್ಯ ಊರು ಬಿಡಲೇಬೇಕೆ? ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪಾಲಿಗೆ ಇದು ಹಳೆಯ ಪ್ರಶ್ನೆ. ಮಳೆ ಕೈಕೊಟ್ಟಾಗ ಇಲ್ಲಿನ ಹಳ್ಳಿ, ತಾಂಡಾಗಳ ಜನ ಗೋವಾ, ಮಹಾರಾಷ್ಟ್ರಗಳಿಗೆ ಗುಳೆ ಹೋಗುತ್ತಾರೆ. ಓದಿದ ಮಕ್ಕಳು ಪುಣೆ, ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಒಂದನ್ನು ಸಂಕಟವೆಂದೂ ಇನ್ನೊಂದನ್ನು ಏಳಿಗೆಯೆಂದೂ ಕರೆದರೂ ಎರಡಕ್ಕೂ ಕಾರಣ ಊರಲ್ಲಿ ದುಡಿಮೆ ಇಲ್ಲದಿರುವುದೇ. 2020ರ ಮಾರ್ಚ್‌ನ ಲಾಕ್‌ಡೌನ್ ಇಬ್ಬರನ್ನೂ ಊರಿಗೆ ತಂದು ಬಿಟ್ಟಿತು. ಕೂಲಿಕಾರರ ಕೆಲಸ ಹೋದಲ್ಲೇ ನಿಂತಿತು. ಕಂಪ್ಯೂಟರಿನ ಮುಂದೆ ಕೂರುವವರ ಕೆಲಸ ಅವರ ಬೆನ್ನಿಗೇ ಮನೆಗೆ ಬಂತು. ಆ ವರ್ಷದ ನವೆಂಬರ್‌ನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯೂ ಬಿಪಿಒಗಳ ನಿಯಮ ಸಡಿಲಿಸಿ, ಮನೆಯಿಂದ ದುಡಿಯುವುದನ್ನು ಸುಲಭ ಮಾಡಿತು. ಕೆಲವು ಕಸುಬುಗಳಿಗಾದರೂ ಊರು ಬಿಡುವುದು ಅನಿವಾರ್ಯವಲ್ಲ ಎಂಬುದು ಆಗಲೇ ರುಜುವಾಯಿತು. ಆ ಅವಕಾಶಕ್ಕೆ ತಾಲ್ಲೂಕು ಊರುಗಳಲ್ಲಿ ಗಟ್ಟಿ ನೆಲೆ ಒದಗಿಸುವುದು ಸರ್ಕಾರದ ಹೊಣೆ ಎಂಬುದು ನನ್ನ ವಾದ.

ಇಂಥ ಅವಕಾಶವನ್ನು ಬಳಸಿಕೊಂಡ ಒಂದು ಊರು ನೋಡಿ: ಅಮೆರಿಕದ ಒಕ್ಲಹೋಮಾ ರಾಜ್ಯದ ಟಲ್ಸಾ, ಆರ್ಕನ್ಸಾ ನದಿಯ ದಂಡೆಯ ಮೇಲಿನ ಸುಮಾರು ನಾಲ್ಕು ಲಕ್ಷ ಜನರ ನಗರ. ಹಿಂದೆ ತೈಲದಿಂದ ಮೆರೆದ ಊರು. ಬೇರೆಡೆಯ ಕಂಪನಿಗೆ ದುಡಿಯುತ್ತಲೇ ಟಲ್ಸಾದಲ್ಲಿ ಬಂದು ನೆಲೆಸುವವರಿಗೆ 10,000 ಡಾಲರ್ ಕೊಡುವ ಯೋಜನೆಯನ್ನು ಅಲ್ಲಿನ ಜಾರ್ಜ್ ಕೈಸರ್ ಫ್ಯಾಮಿಲಿ ಫೌಂಡೇಶನ್ 2018ರಲ್ಲಿ ಶುರು ಮಾಡಿತು. ಸಂಬಳ ಹೊರಗಿನಿಂದ ಬರುತ್ತದೆ, ಬಾಡಿಗೆ, ಸಂತೆ, ತೆರಿಗೆಯ ಹಣ ಊರಲ್ಲೇ ಉಳಿಯುತ್ತದೆ ಎಂಬುದು ಅದರ ಲೆಕ್ಕ. ಈ ಲೆಕ್ಕ ನಮಗೂ ಹೊಂದುತ್ತದೆ, ಆದರೆ ದಾರಿ ಬೇರೆಯಾಗಬೇಕು. ಅಪರಿಚಿತರಿಗೆ ದುಡ್ಡು ಕೊಟ್ಟು ಕರೆಯುವ ಅಗತ್ಯ ನಮಗಿಲ್ಲ. ಮನೆ, ಹೊಲ, ವಯಸ್ಸಾದ ತಾಯಿತಂದೆ ಇಲ್ಲೇ ಇರುವ ನಮ್ಮ ಮಕ್ಕಳ ದಾರಿಗೆ ಅಡ್ಡವಿರುವುದನ್ನು ತೆಗೆದರೆ ಸಾಕು. ಪದವಿ ಪಡೆದರೂ ಲಗ್ನವಾದ ಮೇಲೆ ದೂರದ ನೌಕರಿಗೆ ಹೋಗಲಾಗದೆ ಉಳಿದ ಹೆಣ್ಣುಮಕ್ಕಳಿಗಂತೂ ಊರಿಗೆ ಬರುವ ಕೆಲಸವೇ ಸಿಗಬಹುದಾದ ಕೆಲಸ.

ಮೊದಲ ಅಡ್ಡಿ ಕರೆಂಟು, ಎರಡನೆಯದು ಇಂಟರ್‌ನೆಟ್. ಬಾಗೇವಾಡಿ ಸೀಮೆಯ ಕೂಡಗಿ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 2,400 ಮೆಗಾವ್ಯಾಟ್. ಆಲಮಟ್ಟಿ ಜಲವಿದ್ಯುತ್ ಕೇಂದ್ರದ್ದು 290. ಕೃಷ್ಣೆಯ ಹಿನ್ನೀರಿಗೆ ಹೊಲಮನೆ ಬಿಟ್ಟುಕೊಟ್ಟ ಸೀಮೆ ಇದು. ನಾಡಿಗೆ ಬೆಳಕು ಕೊಡುವ ನೆಲ ತನ್ನ ಊರುಗಳಿಗೆ ತಡೆಯಿಲ್ಲದ ಕರೆಂಟು ಕೇಳಿದರೆ ಅದು ಉಪಕಾರದ ಬೇಡಿಕೆಯಲ್ಲ, ಹಕ್ಕಿನ ಮಾತು. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ, ಇಂದು ಭಾರತ್‌ನೆಟ್ ಎನಿಸಿಕೊಂಡಿರುವ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಪಂಚಾಯಿತಿ ಕಟ್ಟೆಗೆ ಬಂದ ತಂತಿ ದುಡಿಯುವವರ ಮೇಜಿನ ತನಕ ಬಾರದಿದ್ದರೆ ಅದರಿಂದ ಸಂಬಳ ಹುಟ್ಟುವುದಿಲ್ಲ. ರಾಜ್ಯದ ‘ಬಿಯಾಂಡ್ ಬೆಂಗಳೂರು’ ಯೋಜನೆ ಮೊದಲು ಒತ್ತು ಕೊಟ್ಟದ್ದು ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿಗಳಿಗೆ. ಸಿಂದಗಿಯ ಹುಡುಗಿಗೆ ಹುಬ್ಬಳ್ಳಿಯೂ ಪರಊರೇ. ಆದ್ದರಿಂದ ಪ್ರತಿ ತಾಲ್ಲೂಕು ಊರಿನಲ್ಲಿ, ಬಸ್ ನಿಲ್ದಾಣಕ್ಕೆ ಹತ್ತಿರದಲ್ಲಿ, ಜನರೇಟರ್ ಮತ್ತು ಎರಡು ಇಂಟರ್‌ನೆಟ್ ಸಂಪರ್ಕಗಳಿರುವ ಒಂದು ಸಾರ್ವಜನಿಕ ಕೆಲಸದ ಮನೆ ಬೇಕು.

ಇದಕ್ಕೆ ಎದುರಾಗುವ ಆಕ್ಷೇಪಗಳು ಹಗುರವಲ್ಲ. ಇಂಥ ನೌಕರಿಯವರು ಬೆರಳೆಣಿಕೆಯಷ್ಟು ಮಂದಿ, ಗುಳೆ ಹೋಗುವವರಿಗೆ ಇದರಿಂದೇನು ಎಂದು ಕೇಳಬಹುದು. ಕಬ್ಬು ಕಡಿಯುವ ಕೆಲಸ ತಂತಿಯಲ್ಲಿ ಬರುವುದಿಲ್ಲ, ನಿಜ. ಆದರೆ ಕೆಲಸ ಮನೆಯ ಹತ್ತಿರ ಸಿಗಬೇಕೆಂಬ ತತ್ವವನ್ನು ದೇಶ ಮೊದಲು ಒಪ್ಪಿದ್ದೇ ಕೂಲಿಕಾರರಿಗಾಗಿ: 2005ರ ಉದ್ಯೋಗ ಖಾತರಿ ಕಾಯ್ದೆ 100 ದಿನದ ಕೆಲಸವನ್ನು ಆದಷ್ಟು 5 ಕಿಲೋಮೀಟರ್ ಒಳಗೇ ಕೊಡಬೇಕೆಂದಿತು, ಅದಕ್ಕೂ ದೂರವಾದರೆ ಶೇಕಡಾ 10 ಹೆಚ್ಚು ಕೂಲಿ ಎಂದಿತು. ಓದಿದವರಿಗೆ ಆ ತತ್ವ ಚಾಚುವಾಗ ಕೂಲಿಕಾರರ ಪಾಲನ್ನು ಕಸಿಯಬಾರದು. ಎರಡೂ ಒಟ್ಟಿಗೆ ನಡೆಯಬೇಕು. ಹೊರಗಿನ ಸಂಬಳ ಊರಲ್ಲಿ ಖರ್ಚಾದಾಗ ಗೌಂಡಿಗೂ ಖಾನಾವಳಿಗೂ ಕೆಲಸ ಹುಟ್ಟುತ್ತದೆ ಎಂಬುದನ್ನೂ ಮರೆಯಬಾರದು. ಹಿರಿಯರ ಪಕ್ಕದಲ್ಲಿ ಕೂರದೆ ಕಿರಿಯರು ಕಸುಬು ಕಲಿಯುವುದಿಲ್ಲ ಎಂಬ ಆಕ್ಷೇಪದಲ್ಲೂ ಹುರುಳಿದೆ. ಹಾಗಾಗಿ ಮೊದಲ ಕೆಲವು ವರ್ಷ ನಗರದಲ್ಲಿ ಕಳೆಯುವುದೇ ಒಳಿತು. ಕೈ ಪಳಗಿದ ಮೇಲೆ ಮರಳುವ ಬಾಗಿಲು ತೆರೆದಿರಬೇಕು, ಅಷ್ಟೆ. ಮನೆಯೇ ಕಚೇರಿಯಾದರೆ ಹೆಂಗಸರಿಗೆ ರೊಟ್ಟಿ ಬಡಿಯುವುದೂ ಮೀಟಿಂಗೂ ಒಂದೇ ಹೊತ್ತಿಗೆ ಬಂದು ಎರಡು ಪಟ್ಟು ದುಡಿಮೆಯಾಗುತ್ತದೆ ಎಂಬುದು ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ. ಮನೆಯಾಚೆ, ಊರೊಳಗೆ ಕೆಲಸದ ಜಾಗ ಬೇಕೆಂದು ನಾನು ಒತ್ತಾಯಿಸುವುದು ಈ ಕಾರಣಕ್ಕೇ. ಕಂಪನಿಗಳು ನೌಕರರನ್ನು ಮತ್ತೆ ಕಚೇರಿಗೆ ಕರೆಯುತ್ತಿರುವ ಈ ಹೊತ್ತಿನಲ್ಲಿ, ಸೌಕರ್ಯವೂ ಮೇಲ್ವಿಚಾರಣೆಯೂ ಇರುವ ಇಂಥ ಜಾಗ ಅವುಗಳ ಅನುಮಾನಕ್ಕೂ ಉತ್ತರವಾಗಬಲ್ಲದು.

ಹೋಗಬೇಕೆನ್ನುವವರು ಧಾರಾಳವಾಗಿ ಹೋಗಲಿ. ಊರು ಯಾರನ್ನೂ ಕಟ್ಟಿಹಾಕಬಾರದು. ಇರಬೇಕೆನ್ನುವವರನ್ನು ಕರೆಂಟು, ತಂತಿ, ಒಂದು ಕೋಣೆ ಇಲ್ಲವೆಂಬ ಕಾರಣಕ್ಕೆ ಹೊರದೂಡುವುದು ಮಾತ್ರ ಅನ್ಯಾಯ. ಈ ನಾಲ್ಕು ಊರುಗಳಲ್ಲಿ ನಾಲ್ಕು ಕೆಲಸದ ಮನೆ ಕಟ್ಟುವುದು ನೀರಾವರಿಗೆ ಸುರಿದ ಹಣದ ಮುಂದೆ ಅತಿ ಸಣ್ಣ ಖರ್ಚು. ಅವುಗಳ ಯಶಸ್ಸನ್ನು ಉದ್ಘಾಟನೆಯ ಫಲಕದಿಂದ ಅಳೆಯದೆ, ಲಗ್ನವಾದ ಮೇಲೂ ನೌಕರಿ ಬಿಡದ ಹೆಣ್ಣುಮಕ್ಕಳು ಅಲ್ಲಿ ಎಷ್ಟು ಮಂದಿ ದುಡಿಯುತ್ತಿದ್ದಾರೆ ಎಂಬುದರಿಂದ ಅಳೆಯೋಣ.