ಮನವಿ ಬರೆಯಲಾರೆನೆಂದೆ

ಕಳೆದ ಮೇ ತಿಂಗಳ ಒಂದು ಸಂಜೆ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ. ಬಂಟ್ವಾಳ ತಾಲೂಕಿನ ತನ್ನ ಊರಿನ ಚರ್ಚಿನ ಧರ್ಮಗುರುಗಳಿಗೆ ವರ್ಗವಾಗಿದೆ. ಅದನ್ನು ರದ್ದುಪಡಿಸಬೇಕೆಂದು ಮಂಗಳೂರಿನ ಬಿಷಪರಿಗೆ ಮನವಿ ಸಲ್ಲಿಸಲು ಸಹಿ ಸಂಗ್ರಹ ನಡೆದಿದೆ. ಅದರ ಒಕ್ಕಣೆಯನ್ನು ನಾನು ಬರೆದುಕೊಡಬೇಕು ಎಂಬುದು ಅವನ ಕೋರಿಕೆ. “ನಿಮ್ಮ ಕನ್ನಡವಿದ್ದರೆ ಬಿಷಪರು ಕರಗುತ್ತಾರೆ ಸಾರ್” ಎಂದ. ಎಂಟನೆಯ ತರಗತಿಯಲ್ಲಿ ರಜಾ ಅರ್ಜಿಯನ್ನೇ ನೆಟ್ಟಗೆ ಬರೆಯಲಾರದವನು ಇಷ್ಟು ಮಾತುಗಾರನಾದುದಕ್ಕೆ ಸಂತೋಷವಾಯಿತು. ಆದರೆ ಬರೆಯಲಾರೆನೆಂದೆ. ಏಕೆಂಬುದನ್ನು ಆಗ ಸರಿಯಾಗಿ ಹೇಳಲಾಗಲಿಲ್ಲ. ಅವನೂ ಈ ಪುಟಗಳನ್ನು ಓದುವವನಾದ್ದರಿಂದ ಇಲ್ಲಿ ಹೇಳುತ್ತೇನೆ.

ನಾನು ಆ ಮತದವನಲ್ಲ. ಆದರೆ ನನ್ನ ಸೇವಾವಧಿಯೆಲ್ಲ ಕಳೆದದ್ದು ಚರ್ಚಿನ ಆಡಳಿತಕ್ಕೊಳಪಟ್ಟ ಅನುದಾನಿತ ಪ್ರೌಢಶಾಲೆಯಲ್ಲಿ. ನಮ್ಮ ಕಡೆ ಇಂಥ ಶಾಲೆಗಳಿಗೆ ಚರ್ಚಿನ ಧರ್ಮಗುರುಗಳೇ ಸಂಚಾಲಕರು. ಐದಾರು ವರ್ಷಗಳಿಗೊಮ್ಮೆ, ಶಾಲೆ ತೆರೆಯುವ ಹೊತ್ತಿಗೆ, ಸಂಚಾಲಕರು ಬದಲಾಗುತ್ತಿದ್ದರು. ಹೀಗಾಗಿ ಆರು ಬೀಳ್ಕೊಡುಗೆಗಳನ್ನು ಕಂಡಿದ್ದೇನೆ. ಬೆಳಗ್ಗೆ ಬಲಿಪೂಜೆ, ಅನಂತರ ಸಭೆ, ಶಾಲು, ಹಾರ, ಹಣ್ಣಿನ ಬುಟ್ಟಿ, ಪಾಲನಾ ಮಂಡಳಿಯವರ ಭಾಷಣ, ಗುರಿಕಾರರ ಭಾಷಣ, ಕೊನೆಗೆ ಶಾಲೆಯ ಪರವಾಗಿ ನನ್ನ ಭಾಷಣ. (ಅದೇ ಎಲ್ಲಕ್ಕಿಂತ ದೀರ್ಘವಾಗಿರುತ್ತಿತ್ತೆಂದು ನನ್ನ ಶ್ರೀಮತಿಯವರ ಆಕ್ಷೇಪ.) ಬಾಗಿಲ ಬಳಿ ನಿಂತ ಹೆಂಗಸರು ಕೊಂಕಣಿಯಲ್ಲಿ “ದೇವ್ ಬರೆಂ ಕರುಂ” ಎಂದು ಕಣ್ಣೊರಸಿಕೊಳ್ಳುವರು. ಆಮೇಲೆ ಬಾಡಿಗೆಯ ಬಸ್ಸುಗಳಲ್ಲಿ ಊರವರು ಅವರನ್ನು ಹೊಸ ಚರ್ಚಿಗೆ ತಲುಪಿಸಿ ಬರುವರು, ಮಗಳನ್ನು ಗಂಡನ ಮನೆಗೆ ಬಿಟ್ಟುಬರುವ ಹಾಗೆ. ಅಂಥ ಬಸ್ಸಿನಲ್ಲಿ ನಾನೂ ಎರಡು ಸಲ ಕುಳಿತಿದ್ದೇನೆ. ಹೋಗುವಾಗ ಹಾಡು, ಬರುವಾಗ ಯಾರೂ ಮಾತನಾಡುವುದಿಲ್ಲ.

ನನ್ನ ಶಿಷ್ಯ ವಾದಕ್ಕೆ ಸಿದ್ಧನಾಗಿಯೇ ಇದ್ದ. ಅವರ ಧರ್ಮಸಭೆಯ ಕಾನೂನೇ ಧರ್ಮಗುರುವಿಗೆ ಸ್ಥಿರತೆಯಿರಬೇಕೆನ್ನುತ್ತದಲ್ಲ ಎಂದು ಕೇಳಿದ. ನಿಜ. 1983ರ ಕ್ಯಾನನ್ ಕಾನೂನು ಸಂಹಿತೆಯ 522ನೆಯ ವಿಧಿಯಂತೆ ಅವರ ನೇಮಕ ಅನಿರ್ದಿಷ್ಟ ಕಾಲಕ್ಕೇ ಆಗತಕ್ಕದ್ದು. ಬಿಷಪರ ಸಮ್ಮೇಳನ ಅನುಮತಿಸಿದ್ದರೆ ಮಾತ್ರ ನಿಶ್ಚಿತ ಅವಧಿಗೆ ನೇಮಿಸಬಹುದು. ಆದರೆ ಅದೇ ಸಂಹಿತೆ, ಬೇರೆಡೆ ಅಗತ್ಯವಿದ್ದರೆ ಬಿಷಪರು ವರ್ಗಾವಣೆಯನ್ನು ಸೂಚಿಸಬಹುದೆಂದೂ, ಒಪ್ಪಿಗೆಯಿಲ್ಲದ ಗುರು ತನ್ನ ಕಾರಣಗಳನ್ನು ಬರೆದು ತಿಳಿಸಬಹುದೆಂದೂ ಹೇಳುತ್ತದೆ. ಬರೆಯುವ ಅವಕಾಶವನ್ನು ಅದು ಕೊಟ್ಟಿರುವುದು ಅವರಿಗೆ. ಅವರೇ ಲೇಖನಿ ಎತ್ತದಿರುವಾಗ ನಾವು ಎತ್ತಿದರೆ, ಹೋಗುವವರನ್ನು ಇಕ್ಕಟ್ಟಿಗೆ ಸಿಕ್ಕಿಸಿದಂತಾಗುತ್ತದೆ. ಬರುವವರಿಗಂತೂ ಹೊಸ್ತಿಲಲ್ಲೇ ಅವಮಾನ.

ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಯ ಸಂತ ಜಾನ್ ಮರಿಯ ವಿಯಾನ್ನಿಯವರ ಹೆಸರನ್ನೂ ಅವನು ಎತ್ತಿದ. 1818ರಲ್ಲಿ ಅಲ್ಲಿಗೆ ಬಂದವರು 1859ರಲ್ಲಿ ತೀರಿಕೊಳ್ಳುವವರೆಗೆ, 41 ವರ್ಷ ಒಂದೇ ಊರಿನಲ್ಲಿದ್ದರು. ಧರ್ಮಗುರುಗಳಿಗೆಲ್ಲ ಅವರೇ ಪಾಲಕ ಸಂತರು. ಆದರೆ ಆ ಕಥೆಯ ಇನ್ನರ್ಧವನ್ನು ಅವನು ಓದಿದಂತಿಲ್ಲ. ಅವರು ಏಕಾಂತವನ್ನು ಬಯಸಿ ಒಂದಲ್ಲ ಹಲವು ಸಲ ಊರು ಬಿಡಲೆತ್ನಿಸಿದವರು. 1853ರಲ್ಲಿ ರಾತ್ರೋರಾತ್ರಿ ಹೊರಟಾಗ ಜನ ಅಡ್ಡಗಟ್ಟಿ ಹಿಂದಕ್ಕೆ ಕರೆತಂದರು. ಭಕ್ತಿಯೇ ಅದು, ಸಂಶಯವಿಲ್ಲ. ಆದರೂ ಕತ್ತಲಲ್ಲಿ ತಡೆದು ನಿಲ್ಲಿಸಲ್ಪಟ್ಟ ಆ ಮುದುಕನನ್ನು ನೆನೆದಾಗ ನನಗೆ ಊರವರಿಗಿಂತ ಅವರ ಮೇಲೆಯೇ ಕನಿಕರವುಂಟಾಗುತ್ತದೆ.

ನಾನು ಹೀಗೆ ಕಟುವಾಗಿ ಬರೆಯುವುದಕ್ಕೆ ನನ್ನದೇ ಒಂದು ತಪ್ಪು ಕಾರಣ. ನಿವೃತ್ತನಾದ ಮೇಲೂ ಒಂದು ವರ್ಷ ನಾನು ವಾರಕ್ಕೆರಡು ಸಲ ಶಾಲೆಗೆ ಹೋಗುತ್ತಿದ್ದೆ. ನನ್ನ ಸ್ಥಾನಕ್ಕೆ ಬಂದ ಯುವಕ ಪ್ರತಿ ಸಲವೂ ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದ, ನಾನು ಕುಳಿತುಕೊಳ್ಳುತ್ತಿದ್ದೆ. ಒಂದು ದಿನ ತರಗತಿಯ ಹೊರಗೆ ಹಾದುಹೋಗುತ್ತಿದ್ದಾಗ ಒಳಗಿನಿಂದ ಹುಡುಗಿಯೊಬ್ಬಳ ಮಾತು ಕೇಳಿಸಿತು: “ಹಳೆಯ ಸಾರ್ ಹೀಗೆ ಹೇಳಿಕೊಟ್ಟಿರಲಿಲ್ಲ.” ವ್ಯಾಕರಣದಲ್ಲಿ ಯುವಕನದೇ ಸರಿ, ನನ್ನದೇ ತಪ್ಪು. ಅವನು ಅದನ್ನು ಹೇಳಲಿಲ್ಲ. ಅಂದಿನಿಂದ ನಾನು ಕರೆಯದೆ ಶಾಲೆಯ ಮೆಟ್ಟಿಲು ಹತ್ತಿಲ್ಲ. ನಮ್ಮ ಸಂಚಾಲಕರಲ್ಲೊಬ್ಬರು ಇದನ್ನು ಮೊದಲೇ ಅರಿತಿದ್ದರು. ಬೀಳ್ಕೊಡುಗೆಯ ದಿನ ಐದು ನಿಮಿಷ ಮಾತನಾಡಿ, ತಾವು ಯಾರ ಮೇಲಾದರೂ ರೇಗಿದ್ದರೆ ಕ್ಷಮಿಸಬೇಕೆಂದು ಕೇಳಿಕೊಂಡು ಹೋದವರು, ಮರುವರ್ಷದ ಹಬ್ಬಕ್ಕೆ ಎಷ್ಟು ಕರೆದರೂ ಬರಲಿಲ್ಲ. ಆಗ ನಮಗೆಲ್ಲ ಬೇಸರವಾಗಿತ್ತು.

ಹಾಗೆಂದು ವರ್ಗಾವಣೆಯಿಂದ ಯಾರಿಗೂ ನೋವಿಲ್ಲವೆಂದು ನಾನು ಹೇಳಲಾರೆ. ನೋವು ಸಭಾಂಗಣದಲ್ಲಿ ಭಾಷಣ ಕೇಳುವವರಿಗಿಂತ ಹೆಚ್ಚಾಗಿ ಅಲ್ಲಿಗೆ ಬರಲಾರದವರದು. ತೋಟದಾಚೆಯ ಮನೆಯಲ್ಲಿ ಹಾಸಿಗೆ ಹಿಡಿದಿರುವ ಮುದುಕಿಗೆ ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ ತರುವ ಗುರುವೇ ಚರ್ಚು. ಒಂದು ಶುಕ್ರವಾರ ಅಪರಿಚಿತರೊಬ್ಬರು ಬಂದು ನಿಂತಾಗಲೇ ಆಕೆಗೆ ಹಳೆಯವರು ಹೋದದ್ದು ತಿಳಿಯುತ್ತದೆ. ಆಕೆಗೆ ಶಾಲು ಹೊದೆಸುವ ಅವಕಾಶವೂ ಇಲ್ಲ, ಅಳುವ ಅವಕಾಶವೂ ಇಲ್ಲ. ಆ ಸಂಹಿತೆಯಲ್ಲಿ ಒಟ್ಟು 1752 ವಿಧಿಗಳು. ಕಟ್ಟಕಡೆಯ ವಿಧಿ ಇರುವುದು ಧರ್ಮಗುರುಗಳ ವರ್ಗಾವಣೆಯ ಪ್ರಕರಣದಲ್ಲಿಯೇ. ವರ್ಗಾಯಿಸುವಾಗಲೂ ಆತ್ಮಗಳ ರಕ್ಷಣೆಯೇ ಪರಮ ನಿಯಮವೆಂಬುದನ್ನು ಮರೆಯಬಾರದೆಂದು ಅದು ಎಚ್ಚರಿಸುತ್ತದೆ. ಈ ವಿಧಿಯನ್ನು ಬಿಷಪರಿಗೆ ನೆನಪಿಸುವುದಕ್ಕಿಂತ ಊರವರು ತಮಗೇ ಅನ್ವಯಿಸಿಕೊಳ್ಳುವುದು ಮೇಲು. ಸಹಿಗಾಗಿ ಮನೆಮನೆ ತಿರುಗುವ ಯುವಕರು ಅದೇ ಕಾಲ್ನಡಿಗೆಯಲ್ಲಿ ಹಾಸಿಗೆ ಹಿಡಿದವರ ಪಟ್ಟಿ ಮಾಡಲಿ. ಹೊರಡುವವರನ್ನು ಆ ಮನೆಗಳಿಗೆ ಕರೆದೊಯ್ದು ವಿದಾಯ ಹೇಳಿಸಲಿ. ಬರುವವರ ಕೈಗೆ ಹಾರಕ್ಕೆ ಮೊದಲು ಆ ಪಟ್ಟಿಯನ್ನು ಕೊಡಲಿ.

ಇಷ್ಟನ್ನೂ ಮರುದಿನ ಫೋನಿನಲ್ಲಿ ಅವನಿಗೆ ಅರ್ಧಂಬರ್ಧ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮಾನಪತ್ರವನ್ನಾದರೂ ಬರೆದುಕೊಡಿ ಸಾರ್” ಎಂದ. ಅದನ್ನು ಬರೆದುಕೊಟ್ಟೆ. ಕೊರಡುಕಂಬಳಿಯಂತೆ ಬಿಗಿಯಾಗಿರಬೇಕಿಲ್ಲವೆಂದುಕೊಂಡು ಸಂಸ್ಕೃತ ಪದಗಳನ್ನು ಒಂದೊಂದಾಗಿ ಹೊಡೆದುಹಾಕಿದೆ. ಒಂದೇ ಪುಟವಾಯಿತು. ಪಟ್ಟಿಯಲ್ಲಿ 23 ಹೆಸರುಗಳಾದವೆಂದೂ, ಫಾದರ್ 19 ಮನೆಗಳಿಗೆ ಹೋಗಿಬಂದರೆಂದೂ, ಉಳಿದ ನಾಲ್ಕಕ್ಕೆ ಮಳೆ ಬಿಡಲಿಲ್ಲವೆಂದೂ ಜೂನ್ ತಿಂಗಳಲ್ಲಿ ಅವನು ತಿಳಿಸಿದ.