ಮರ ಯಾರದು, ನೆರಳು ಯಾರದು?



ಗಿಡಮರದ ಮಾತು ಬಂದ ಕೂಡಲೇ ನಮ್ಮ ಸಭೆಗಳಲ್ಲಿ ಹಿಂದಿನ ಸಾಲಿನವರು ಎದ್ದು ಬೀಡಿ ಸೇದಲಿಕ್ಕೆ ಹೊರಗೆ ಹೋಗುತ್ತಾರೆ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಸ್ಕಾಲರ್‌ಷಿಪ್ ಬಂದಿಲ್ಲ, ಹಾಸ್ಟೆಲ್ ಸಾರಿನಲ್ಲಿ ಬೇಳೆ ಹುಡುಕಬೇಕು, ಇವರು ಮರದ ಕತೆ ಹೇಳ್ತಾರೆ" ಅಂತ ಗೊಣಗುತ್ತಾರೆ. ಅವರ ಸಿಟ್ಟು ಸುಳ್ಳಲ್ಲ. ಇಷ್ಟು ದಿನ ಮರದ ಬಗ್ಗೆ ನಮಗೆ ಬುದ್ಧಿ ಹೇಳಿದವರೆಲ್ಲ ಹೊಟ್ಟೆ ತುಂಬಿದವರೇ.

ಆದರೆ ಒಂದು ಮಾತು ಕೇಳಿ. ಊರಿನ ಮರ, ಕೆರೆ, ಕಾನು, ಗೋಮಾಳ, ಬಯಲು ಇವೆಲ್ಲ ಸಾರ್ವಜನಿಕ ಆಸ್ತಿ. ಆಸ್ತಿ ಅಂದ ಮೇಲೆ ಅದಕ್ಕೊಂದು ಲೆಕ್ಕ, ಒಂದು ಬೀಗ, ಒಬ್ಬ ಯಜಮಾನ ಇರುತ್ತಾನೆ. ಸ್ವಂತ ಆಸ್ತಿ ಇದ್ದವರಿಗೆ ಇದು ಮೇಲಿನ ಲಾಭ. ಏನೂ ಇಲ್ಲದ ನಮಗೆ ಇದೊಂದೇ ಆಸ್ತಿ. ಅದರ ಬೀಗದ ಕೈ ಯಾರ ಸೊಂಟದಲ್ಲಿದೆ ಅಂತ ಕೇಳಬೇಕೋ ಬೇಡವೋ?

ಬಾಬಾಸಾಹೇಬರು ಜನರನ್ನು ಕಟ್ಟಿಕೊಂಡು ಹೋಗಿ ಮುಟ್ಟಿದ್ದು ಏನನ್ನು? ಒಂದು ಪಟ್ಟಣದ ಕೆರೆಯನ್ನು. ಮಹಾಡದ ಚವದಾರ್ ಕೆರೆ ಅಲ್ಲಿಯ ಪುರಸಭೆಯ ಕೈಯಲ್ಲಿತ್ತು. ಅಸ್ಪೃಶ್ಯರೂ ಅದರ ನೀರು ಮುಟ್ಟಬಹುದು ಅಂತ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಠರಾವು ಕಡತದಲ್ಲಿ ತಣ್ಣಗೆ ಮಲಗಿತ್ತು, ನಮ್ಮವರು ದಂಡೆಯ ಮೇಲೆ ಬಾಯಾರಿ ನಿಂತಿದ್ದರು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಬೊಗಸೆಯಲ್ಲಿ ನೀರು ಎತ್ತಿದ ಮೇಲೆ ಆ ಪುರಸಭೆ ಏನು ಮಾಡಿತು ಗೊತ್ತೇ? ಅದೇ ವರ್ಷ ಆಗಸ್ಟಿನಲ್ಲಿ ತನ್ನ ಠರಾವನ್ನೇ ರದ್ದು ಮಾಡಿತು. ಕೋರ್ಟಿನಲ್ಲಿ ಕೊನೆಯ ತೀರ್ಪು ಬರಲಿಕ್ಕೆ 1937 ಬರಬೇಕಾಯಿತು. ಊರಿನ ನೀರು, ನೆರಳುಗಳ ಆಡಳಿತ ಯಾರ ಕೈಯಲ್ಲಿದೆ ಅನ್ನುವುದು ಹೀಗೆ ನಮ್ಮ ಚಳವಳಿಯ ಮೊದಲ ಪಾಠ. ಕಡತದ ಠರಾವು ಬೇರೆ, ಕೈಗೆ ಸಿಗುವ ಹಕ್ಕು ಬೇರೆ ಅನ್ನುವುದು ಎರಡನೆಯ ಪಾಠ.

ಈಗ ನಮ್ಮ ಶಿಕಾರಿಪುರ, ಸೊರಬಕ್ಕೆ ಬನ್ನಿ. ಮರಕ್ಕೆ ಕಾನೂನು ಇಲ್ಲವೇ? ಬೇಕಾದಷ್ಟಿದೆ. 1976ರಲ್ಲೇ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂತು. ವೃಕ್ಷ ಪ್ರಾಧಿಕಾರ ಇರಬೇಕು, ಅದು ಮರಗಳ ಗಣತಿ ಮಾಡಬೇಕು, ಸಸಿ ಬೆಳೆಸಬೇಕು, ಎಲ್ಲಿ ಎಂಥ ಮರ ಎಷ್ಟು ಬೇಕು ಅಂತ ಗೊತ್ತು ಮಾಡಬೇಕು ಅನ್ನುತ್ತದೆ ಆ ಕಾಯ್ದೆ. ಮರ ಕಡಿಯಲಿಕ್ಕೆ ವೃಕ್ಷ ಅಧಿಕಾರಿಯ ಅಪ್ಪಣೆ ಬೇಕು. 50ಕ್ಕಿಂತ ಹೆಚ್ಚು ಮರ ಕಡಿಯುವ ಕೆಲಸ ಬಂದರೆ ಜನರಿಗೆ ತಿಳಿಸಿ ಆಕ್ಷೇಪಣೆ ಕೇಳಬೇಕು ಅಂತಲೂ ಆಮೇಲೆ ಸೇರಿಸಿದ್ದಾರೆ. ಓದಲಿಕ್ಕೆ ಚೆಂದ ಇದೆ.

ಒಂದು ಭಾನುವಾರ ಹೀಗೆ ಮಾಡಿ. ಶಿಕಾರಿಪುರದ ಬಸ್ ಸ್ಟ್ಯಾಂಡಿನಿಂದ ಹೊರಡಿ. ತಾಲೂಕು ಕಚೇರಿ, ಪ್ರವಾಸಿ ಮಂದಿರ, ಅಧಿಕಾರಿಗಳ ಕ್ವಾರ್ಟರ್ಸು, ಹುಚ್ಚುರಾಯಸ್ವಾಮಿ ದೇವಸ್ಥಾನದ ಸುತ್ತಮುತ್ತ ಎಷ್ಟು ಮರ ಇವೆ ಅಂತ ಎಣಿಸಿ ಬರೆದುಕೊಳ್ಳಿ. ಆಮೇಲೆ ನಿಮ್ಮ ನಿಮ್ಮ ಕೇರಿಗೆ ಹೋಗಿ ಎಣಿಸಿ. ಸೊರಬದವರು ಸೊರಬದಲ್ಲಿ ಎಣಿಸಿ. ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆಯಿರಿ. ಯಾವ ಭಾಷಣವೂ ಬೇಡ, ಆ ಎರಡು ಅಂಕಿಗಳೇ ಸಾಕು.

ಕೇರಿಯಲ್ಲಿ ಮರ ಯಾಕಿಲ್ಲ? ನಮ್ಮವರಿಗೆ ಮರ ಬೆಳೆಸಲಿಕ್ಕೆ ಬರುವುದಿಲ್ಲವೇ? ಜನತಾ ಮನೆ, ಆಶ್ರಯ ಮನೆ ಅಂತ 20 ಅಡಿಗೆ 30 ಅಡಿ ಅಳೆದು ಕೊಟ್ಟರು. ಅದರಲ್ಲಿ ಮನೆ ಕಟ್ಟೋದಾ, ಪಾಯಿಖಾನೆ ಕಟ್ಟೋದಾ, ಮರ ನೆಡೋದಾ? ಮನೆಯ ಮೇಲೆ ತಗಡು, ಎದುರಿಗೆ ಗಟಾರ. ಚೈತ್ರದ ಬಿಸಿಲಿಗೆ ಆ ತಗಡಿನ ಕೆಳಗೆ ಬಾಣಂತಿ ಮಗುವನ್ನು ಹೇಗೆ ಮಲಗಿಸುತ್ತಾಳೆ? ನೆರಳು ಅಂದರೆ ಶೋಕಿ ಅನ್ನುವವರು ಒಂದು ಮಧ್ಯಾಹ್ನ ಅಲ್ಲಿ ಕೂತು ಬಂದು ಮಾತಾಡಲಿ.

ಇನ್ನು ಪೇಟೆಯ ಮರಗಳನ್ನು ನೋಡಿಕೊಳ್ಳುವವರು ಯಾರು? ಬೆಳಗಿನ ಜಾವ ಎದ್ದು ಎಲೆ ಗುಡಿಸುವವರು, ಬಿದ್ದ ಕೊಂಬೆ ಎಳೆಯುವವರು, ಗಟಾರಕ್ಕೆ ಇಳಿದು ಕಸ ಎತ್ತುವವರು ನಮ್ಮ ಅಪ್ಪ ಅಮ್ಮಂದಿರು, ಪೌರಕಾರ್ಮಿಕರು. ಯಾವ ಮರ ಒಳಗೆ ಟೊಳ್ಳಾಗಿದೆ, ಯಾವ ಮರದ ಬುಡಕ್ಕೆ ಯಾರು ಸಿಮೆಂಟು ಬಳಿದರು ಅಂತ ಅವರಷ್ಟು ಗೊತ್ತಿರುವವರು ಯಾರೂ ಇಲ್ಲ. ಮರ ಕಡಿಯಬೇಕೋ ಉಳಿಸಬೇಕೋ ಅಂತ ತೀರ್ಮಾನ ಮಾಡುವ ಮೇಜಿನ ಸುತ್ತ ಮಾತ್ರ ಅವರಿಗೆ ಕುರ್ಚಿ ಇಲ್ಲ. ಎಲೆ ನಮಗೆ, ನೆರಳು ಅವರಿಗೆ. ಇದು ಯಾವ ಸೀಮೆಯ ಪಾಲು?

ಬೆಂಗಳೂರಿನವರು ತಮ್ಮ ಮರ ಉಳಿಸಿಕೊಳ್ಳುತ್ತಾರೆ. ಕಬ್ಬನ್ ಪಾರ್ಕು, ಲಾಲ್‌ಬಾಗ್ ಉಳಿಸಲಿಕ್ಕೆ 1975ರಲ್ಲೇ ಬೇರೆ ಕಾಯ್ದೆ ಆಯಿತು. 2016ರಲ್ಲಿ ಉಕ್ಕಿನ ಮೇಲ್ಸೇತುವೆಗೆ 800ಕ್ಕೂ ಹೆಚ್ಚು ಮರ ಹೋಗುತ್ತವೆ ಅಂತ ಗೊತ್ತಾದಾಗ ಸಾವಿರಾರು ಜನ ರಸ್ತೆ ಬದಿ ಕೈ ಕೈ ಹಿಡಿದು ಸಾಲಾಗಿ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಒಳ್ಳೆಯದಾಯಿತು, ನಮಗೇನೂ ಹೊಟ್ಟೆಯುರಿ ಇಲ್ಲ. ಜನ ನಿಂತರೆ ಸರ್ಕಾರ ಬಗ್ಗುತ್ತದೆ ಅಂತ ಅದರಿಂದ ಕಲಿಯೋಣ. ಆದರೆ ನಮ್ಮ ಕಾನಿಗೆ ಕೊಡಲಿ ಬಿದ್ದಾಗ ಕೈ ಹಿಡಿಯಲಿಕ್ಕೆ ಆ ಜನ ಬರುತ್ತಾರೆಯೇ? ಬರುವುದಿಲ್ಲ. ನಾವೇ ನಿಲ್ಲಬೇಕು.

ಕಾನು ಅಂದರೆ ಏನು ಅಂತ ಸೊರಬದ ಹುಡುಗರಿಗೆ ಹೇಳಬೇಕಾಗಿಲ್ಲ. ವರ್ಷವಿಡೀ ಹಸಿರಾಗಿರುವ ಕಾಡಿನ ತುಣುಕು. ಬೈನೆ, ಕಾಡುಮೆಣಸು, ಜೇನು, ಕೆಳಗೆ ಬತ್ತದ ಒರತೆ. 1868ರಲ್ಲಿ ಬ್ರಾಂಡಿಸ್, ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಸೊರಬ ತಾಲೂಕಿನ ಕಾನುಗಳ ಮೇಲೆ ವರದಿ ಬರೆದರು. ಆಗ ಈ ಒಂದೇ ತಾಲೂಕಿನಲ್ಲಿ 171 ಕಾನುಗಳು ಲೆಕ್ಕಕ್ಕೆ ಸಿಕ್ಕಿದ್ದವು, ಒಟ್ಟು 32 ಸಾವಿರ ಎಕರೆಗೂ ಮೇಲೆ. ಈಗ ಸೊರಬದ ಸುತ್ತ ತಿರುಗಿ ನೋಡಿ. ಕಾನು ತುಂಡಾಗಿ, ತುಂಡು ಪೊದೆಯಾಗಿ, ಪೊದೆ ಅಡಿಕೆ ತೋಟವೋ ಅಕೇಶಿಯಾ ಪ್ಲಾಂಟೇಷನ್ನೋ ಆಗಿದೆ. ಹಳೇಸೊರಬದಂಥ ಕಡೆ ಉಳಿದ ಕಾನನ್ನು ನೋಡಿದರೆ ಕಳೆದುಕೊಂಡದ್ದು ಎಷ್ಟು ಅಂತ ಗೊತ್ತಾಗುತ್ತದೆ.

ಹಾಗಂತ ಹಿಂದಿನ ಕಾಲ ಚೆನ್ನಾಗಿತ್ತು ಅಂತ ಕಣ್ಣೀರು ಹಾಕುವುದು ಬೇಡ. ಆಗಲೂ ಕಾನು ಕಂದಾಯ ಕಟ್ಟುವವರ ಹೆಸರಿನಲ್ಲಿತ್ತು, ನಾವು ಮೆಣಸು ಕೊಯ್ಯುವ ಆಳುಗಳಾಗಿದ್ದೆವು. ಇವತ್ತಿಗೂ ಮಲೆನಾಡಿನಲ್ಲಿ ಅಡಿಕೆ ತೋಟ ಇದ್ದವರಿಗೆ ಸೊಪ್ಪಿನಬೆಟ್ಟದ ಸವಲತ್ತು ಇದೆ. ಪಕ್ಕದ ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆ ಬೆಟ್ಟದವರೆಗೆ ಕೊಟ್ಟರು. ತೋಟದ ಯಜಮಾನ ಸೊಪ್ಪು ಕಡಿದರೆ ಸವಲತ್ತು. ತೋಟ ಇಲ್ಲದ ನಮ್ಮವ್ವ ಒಂದು ಹೊರೆ ಕಟ್ಟಿಗೆ ತಂದರೆ ಕಳ್ಳತನ. ಕೊಂಬೆ ಒಂದೇ, ಕತ್ತಿ ಒಂದೇ. ಪಹಣಿ ಇದ್ದವನಿಗೆ ಒಂದು ನ್ಯಾಯ, ಇಲ್ಲದವಳಿಗೆ ಇನ್ನೊಂದು.

"ಜನರ ಕೈಗೆ ಕೊಟ್ಟರೆ ಕಾಡು ಉಳಿಯುತ್ತದಾ?" ಅಂತ ಕೇಳುವ ಮಹಾನುಭಾವರಿದ್ದಾರೆ. ಹಾಗಾದರೆ ಸರ್ಕಾರದ ಕೈಯಲ್ಲಿ ಏನು ಉಳಿಯಿತು, ಹೇಳಿ. ಗಂಧದ ಮರದಷ್ಟು ಬಿಗಿ ಕಾವಲು ಯಾವ ಮರಕ್ಕಿತ್ತು? ಟಿಪ್ಪುವಿನ ಕಾಲದಲ್ಲೇ ಅದು ರಾಜವೃಕ್ಷ. ನಮ್ಮ ಹೊಲದಲ್ಲಿ ತಾನೇ ಹುಟ್ಟಿದರೂ ಅದು ಸರ್ಕಾರದ್ದು; ಬೆಳೆದವನೇ ಒಡೆಯ ಅಂತ ಕಾನೂನು ತಿದ್ದಿದ್ದು 2001ರಲ್ಲಿ. ಅಷ್ಟರಲ್ಲಿ ಶಿಕಾರಿಪುರ, ಸೊರಬದ ಕಾಡಿನಲ್ಲಿ ಗಂಧ ಎಲ್ಲಿತ್ತು? ಕಡಿದ ಕೂಲಿಯವನು ಜೈಲಿಗೆ ಹೋದ, ಮಾರಿದವನು ಮಹಡಿ ಕಟ್ಟಿದ. ಬೇಲಿಯೇ ಎದ್ದು ಹೊಲ ಮೇಯ್ದದ್ದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

ಜನ ಕಾಯುತ್ತಾರೆ ಅನ್ನುವುದಕ್ಕೂ ಸಾಕ್ಷಿ ಇದೆ, ಅದೂ ಹತ್ತಿರದಲ್ಲೇ. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿದವು. ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 75 ಸಾವಿರ ಎಕರೆ ಸಾರ್ವಜನಿಕ ಜಮೀನಿನಲ್ಲಿ ಕಾರ್ಖಾನೆಗಾಗಿ ನೀಲಗಿರಿ ಬೆಳೆಸುವುದು ಅವರ ಯೋಜನೆ. ದನ ಮೇಯಲಿಕ್ಕೆ, ಸೌದೆ ತರಲಿಕ್ಕೆ ಬಡವರಿಗೆ ಇದ್ದ ಜಾಗ ಅದು. ಆನವಟ್ಟಿ ದಾಟಿದರೆ ಸಿಗುವ ಹಾನಗಲ್ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಸೇರಿ ನೀಲಗಿರಿ ಸಸಿ ಕಿತ್ತು, ಆ ಗುಂಡಿಗೇ ತಮಗೆ ಬೇಕಾದ ಹಣ್ಣಿನ, ಮೇವಿನ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಅಂತ ಅದಕ್ಕೆ ಹೆಸರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಜನರ ಜೊತೆ ನಿಂತಿತು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ದಾವೆಗೆ ಹೆಸರು ಕೊಟ್ಟರು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯಿತು.

ಸರ್ಕಾರ ಪಾಠ ಕಲಿಯಿತೇ? ಭದ್ರಾವತಿಯ ಮೈಸೂರು ಪೇಪರ್ ಮಿಲ್ಸಿಗೆ 1980ರಲ್ಲಿ 40 ವರ್ಷಕ್ಕೆ ಕೊಟ್ಟ ಅರಣ್ಯ ಜಮೀನಿನ ಗುತ್ತಿಗೆ 2020ಕ್ಕೆ ಮುಗಿಯಿತು. ಅಷ್ಟರಲ್ಲಿ ಕಾರ್ಖಾನೆ ಬಾಗಿಲು ಹಾಕಿ ವರ್ಷಗಳೇ ಆಗಿದ್ದವು, ಕಾರ್ಮಿಕರು ಬೀದಿಗೆ ಬಿದ್ದಿದ್ದರು. ಆದರೂ ಅದೇ ವರ್ಷ ಮತ್ತೆ 40 ವರ್ಷಕ್ಕೆ ಗುತ್ತಿಗೆ ಮುಂದುವರಿಸಿದರು. ನಮ್ಮೂರಿಗೆ ಅಕೇಶಿಯಾ ಮರ ಬೇಡ ಅಂತ ಮಲೆನಾಡಿನ ಜನ ಕೂಗಬೇಕಾಯಿತು. ಬಾಗಿಲು ಮುಚ್ಚಿದ ಕಾರ್ಖಾನೆಗೆ ಸಾವಿರಾರು ಹೆಕ್ಟೇರ್ ಜಮೀನು, ಬಗರ್‌ಹುಕುಂನಲ್ಲಿ ಒಂದೆರಡು ಎಕರೆ ಉಳುವ ನಮ್ಮವನಿಗೆ "ಒತ್ತುವರಿದಾರ" ಅನ್ನುವ ಬಿರುದು!

2006ರ ಅರಣ್ಯ ಹಕ್ಕು ಕಾಯ್ದೆಯಲ್ಲೂ ನಮಗೊಂದು ಮುಳ್ಳಿದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಸಾಗುವಳಿಯಲ್ಲಿದ್ದೆವು ಅಂತ ತೋರಿಸಿದರೆ ಸಾಕು. ಪರಿಶಿಷ್ಟ ಜಾತಿಯವರು "ಇತರ ಪಾರಂಪರಿಕ ಅರಣ್ಯವಾಸಿ"ಗಳ ಪಟ್ಟಿಗೆ ಸೇರುತ್ತಾರೆ. ಮೂರು ತಲೆಮಾರು, 75 ವರ್ಷದ ವಾಸದ ಪುರಾವೆ ತರಬೇಕು. ನಮ್ಮ ಅಜ್ಜನಿಗೆ ಓದು ಬರಹ ಕೊಟ್ಟವರು ಯಾರು, ಕಾಗದ ಕೊಟ್ಟವರು ಯಾರು? ಅಕ್ಷರವನ್ನೇ ಕೊಡದೆ ಈಗ ಕಾಗದ ತಾ ಅನ್ನುತ್ತಾರೆ. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಬಾಗಿಲಿದೆ: ಊರಿಗೆ ಊರೇ ಕೇಳಬಹುದಾದ ಸಮುದಾಯದ ಹಕ್ಕು, ಮತ್ತು ಗ್ರಾಮಸಭೆ ತನ್ನ ಕಾಡನ್ನು ತಾನೇ ಕಾಯುವ ಅಧಿಕಾರ. ಆ ಬಾಗಿಲನ್ನು ತಟ್ಟುವವರು ಬೇಕು.

ನಮ್ಮವರಿಗೂ ಒಂದು ಮಾತು. "ಮರ ಹೋದರೆ ಹೋಗಲಿ, ಲೇಔಟ್ ಬರಲಿ, ಡೆವಲಪ್‌ಮೆಂಟ್ ಆಗಲಿ" ಅಂತ ಕಂಟ್ರಾಕ್ಟರನ ಜೀಪಿನಲ್ಲಿ ಕೂತು ಬರುವ ನಮ್ಮ ಕೆಲವು ಮುಖಂಡರಿದ್ದಾರೆ. ಕೆರೆ ಮುಚ್ಚಿದ ಲೇಔಟಿನಲ್ಲಿ ನಮಗೆ ಎಷ್ಟು ಸೈಟು ಸಿಕ್ಕಿತು ಅಂತ ಅವರನ್ನು ಕೇಳಿ. ಕಾನು ಒಣಗಿದರೆ ಮೊದಲು ಬತ್ತುವುದು ತೋಟದ ಬೋರ್‌ವೆಲ್ಲೋ, ಕೇರಿಯ ಬಾವಿಯೋ?

ತಮ್ಮಂದಿರೇ, ತಂಗಿಯರೇ, ಹಾಸ್ಟೆಲಿನಲ್ಲಿ ಕೂತು ನಿಮ್ಮಿಂದ ಆಗುವ ಕೆಲಸ ಇದೆ. ಮೇಲೆ ಹೇಳಿದ ಎಣಿಕೆ ಮಾಡಿ, ವಾರ್ಡುವಾರು ಪಟ್ಟಿ ಬರೆಯಿರಿ. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: ನಮ್ಮ ಪಟ್ಟಣದ ಮರಗಣತಿ ಎಲ್ಲಿ, ಎಷ್ಟು ಮರ ಕಡಿಯಲು ಅಪ್ಪಣೆ ಕೊಟ್ಟಿರಿ, ಬದಲಿಗೆ ನೆಟ್ಟದ್ದು ಎಲ್ಲಿ, ಪಾರ್ಕಿಗೆ ಅಂತ ಬಿಟ್ಟ ಜಾಗಗಳ ಪಟ್ಟಿ ಏನಾಯಿತು? ಶೇಕಡ 24.10 ಅಂತಲೇ ಹೆಸರಾದ ನಮ್ಮ ನಿಧಿಯ ಖರ್ಚಿನ ಲೆಕ್ಕವನ್ನೂ ಕೇಳಿ. ಮರದ ತೀರ್ಮಾನ ಮಾಡುವ ಮೇಜಿನಲ್ಲಿ ಪೌರಕಾರ್ಮಿಕರಿಗೆ ಕುರ್ಚಿ ಕೇಳಿ. ರಜೆಗೆ ಊರಿಗೆ ಹೋದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಕಾನಿನ ಸರ್ವೆ ನಂಬರು ಓದಿ, ಸಮುದಾಯದ ಹಕ್ಕಿನ ಅರ್ಜಿ ಬರೆದುಕೊಡಿ. ಅಕ್ಷರ ಕಲಿತದ್ದು ಇನ್ನು ಯಾತಕ್ಕೆ?

ಅಧಿಕಾರಿಗಳು ನಗುತ್ತಾರೆ, ನಗಲಿ.  ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವುದು ಅವರ ಕೆಲಸ, ಲೆಕ್ಕ ಕೇಳುವುದು ನಮ್ಮ ಕೆಲಸ. ಮರ ಉಳಿಯಬೇಕು, ಅದರ ಕೆಳಗೆ ನಾವೂ ಕೂರಬೇಕು.

ನೆಲದಲ್ಲಿ ಪಾಲು! ನೀರಿನಲ್ಲಿ ಪಾಲು! ನೆರಳಿನಲ್ಲೂ ಪಾಲು!

ಜೈ ಭೀಮ್.